ಆಟಿಸಂ, ವಂಶವಾಹಿ ಕಾಯಿಲೆ, ಬಿಡದ ಔಷಧ: ಸೇವಾಸಂಸ್ಥೆಗಳ ನೆರವು ಕೇಳುವ ಕ್ರಮ

ಸೇವಾಸಂಸ್ಥೆಯ ಬಾಗಿಲಿಗೆ ಬರುವ ಹೆಚ್ಚಿನ ತಂದೆತಾಯಿಯರು ಹೇಳುವುದು ಒಂದೇ ಮಾತು: "ಏನಾದರೂ ಸಹಾಯ ಮಾಡಿ." ಎದುರಿಗೆ ಕೂತವರಿಗೆ ಮನಸ್ಸಿದ್ದರೂ ಅಷ್ಟು ಮಾತಿನ ಮೇಲೆ ಏನೂ ಮಾಡಲಾಗದು. ಅವರ ಹಣಕ್ಕೂ ಆಡಿಟ್ ಇದೆ. ದಾನಿಗಳು ಯಾವುದಕ್ಕೆ ಕೊಟ್ಟಿದ್ದಾರೋ ಅದಕ್ಕೇ ಖರ್ಚಾಗಬೇಕು. ಅದೇ "ಇಂಥ ಮಾತ್ರೆ, ದಿನಕ್ಕೆ ಇಷ್ಟು, ತಿಂಗಳಿಗೆ ಇಷ್ಟು ರೂಪಾಯಿ, ಮೂರು ತಿಂಗಳಿಗೆ ಮಾತ್ರ" ಎಂದು ಒಂದು ಹಾಳೆ ಮುಂದಿಟ್ಟರೆ ಮಾತು ಮುಂದುವರಿಯುತ್ತದೆ. ಆ ಹಾಳೆ ತಯಾರಾಗುವುದು ಹೇಗೆ, ಅದನ್ನು ಯಾರ ಮುಂದೆ ಇಡಬೇಕು ಎಂಬುದನ್ನು ಇಲ್ಲಿ ಹೇಳಿದೆ. ಉದಾಹರಣೆಗಳು ಕರ್ನಾಟಕದವು.

ಮೊದಲು ಫೈಲು

ಪ್ಲಾಸ್ಟಿಕ್ ಹಾಳೆಗಳಿರುವ ಒಂದು ಫೈಲು ಕೊಳ್ಳಿ. ಮೊದಲು ರೋಗನಿರ್ಣಯದ ಪತ್ರ, ನಂತರ ಡಿಸ್ಚಾರ್ಜ್ ಸಮ್ಮರಿಗಳು, ಕೊನೆಯ ಮೂರು ಔಷಧ ಚೀಟಿಗಳು, ಲ್ಯಾಬ್ ವರದಿಗಳು ಹೊಸದರಿಂದ ಹಳೆಯದಕ್ಕೆ. ಅದರ ಹಿಂದೆ ಮಗುವಿನ ಮತ್ತು ತಂದೆತಾಯಿಯ ಆಧಾರ್, ರೇಷನ್ ಕಾರ್ಡು, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲವನ್ನೂ ಫೋನಿನಲ್ಲಿ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಯಾರು ಕೇಳಿದರೂ ಜೆರಾಕ್ಸ್ ಕೊಡಿ, ಮೂಲ ಪ್ರತಿ ತೋರಿಸಿ ವಾಪಸ್ ತನ್ನಿ. "ಒರಿಜಿನಲ್ ಇಲ್ಲೇ ಇರಲಿ" ಎನ್ನುವ ಕಡೆ ಮೂಲ ಪ್ರತಿಗಳು ಕಳೆದುಹೋಗುವುದು ಮಾಮೂಲು.

ವಂಶವಾಹಿ ಪರೀಕ್ಷೆಯ ವರದಿಯಲ್ಲಿ ಮೊದಲ ಪುಟವನ್ನಷ್ಟೇ ಇಟ್ಟುಕೊಳ್ಳುವವರಿದ್ದಾರೆ. ಎಲ್ಲ ಪುಟಗಳೂ ಬೇಕು. ಯಾವ ಜೀನು, ಯಾವ ಬದಲಾವಣೆ, ಅದು ರೋಗಕಾರಕವೇ ಅಥವಾ "ಅರ್ಥ ಖಚಿತವಿಲ್ಲದ ಬದಲಾವಣೆ"ಯೇ ಎಂಬ ವಿವರ ಒಳಪುಟಗಳಲ್ಲಿರುತ್ತದೆ. ಎರಡನೆಯ ಬಗೆಯದಾದರೆ ಒಂದೆರಡು ವರ್ಷದ ನಂತರ ಅದೇ ಮಾಹಿತಿಯನ್ನು ಮತ್ತೆ ವಿಶ್ಲೇಷಿಸಿದಾಗ ಉತ್ತರ ಬದಲಾಗಬಹುದು. ಹಾಗಾಗಿ ಎಕ್ಸೋಮ್ ಪರೀಕ್ಷೆ (ಬಹುಪಾಲು ಜೀನುಗಳನ್ನು ಒಮ್ಮೆಗೇ ಓದುವ ಪರೀಕ್ಷೆ) ಮಾಡಿಸಿದ್ದರೆ ಲ್ಯಾಬಿನಿಂದ ಮೂಲ ಡೇಟಾವನ್ನೂ ಕೇಳಿ ಪಡೆಯಿರಿ. ಇಲ್ಲದಿದ್ದರೆ ಅದೇ ಪರೀಕ್ಷೆಗೆ ಮತ್ತೊಮ್ಮೆ ದುಡ್ಡು ತೆರಬೇಕಾಗುತ್ತದೆ.

ಅರ್ಜಿಗಳು ವಾಪಸ್ ಬರುವುದಕ್ಕೆ ಬಹುಪಾಲು ಕಾರಣ ಹೆಸರು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಆಸ್ಪತ್ರೆಯ ಕಾರ್ಡಿನಲ್ಲಿ ಇನ್ನೊಂದು, ಜನನ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಜನನ ಪತ್ರವನ್ನು ಆಧಾರವಾಗಿಟ್ಟುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಸ್ಪತ್ರೆಯ ದಾಖಲೆಯಲ್ಲಿ ತಪ್ಪಿದ್ದರೆ ಡಿಸ್ಚಾರ್ಜ್ ಆಗುವ ಮೊದಲೇ ಸರಿಮಾಡಿಸಿ, ಆಮೇಲೆ ಅದು ಹತ್ತು ಸಲ ಓಡಾಡಿಸುವ ಕೆಲಸ. ಮಗುವಿನ ಆಧಾರ್ ಬೆರಳಚ್ಚನ್ನು 5 ಮತ್ತು 15 ವರ್ಷ ತುಂಬಿದಾಗ ನವೀಕರಿಸದಿದ್ದರೆ ಗುರುತು ತಾಳೆಯಾಗದೆ ಪಿಂಚಣಿಯಂಥ ಸೌಲಭ್ಯ ನಿಲ್ಲಬಹುದು.

ಫೈಲಿನ ಮೇಲ್ಭಾಗದಲ್ಲಿ ಒಂದು ತುರ್ತು ಹಾಳೆ ಇರಲಿ, ನಿಮ್ಮ ತಜ್ಞರ ಸಹಿ ಮತ್ತು ಸೀಲಿನೊಂದಿಗೆ. ರಾತ್ರಿ ಹೊತ್ತು ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರು ಅಪರೂಪದ ಕಾಯಿಲೆಯ ಹೆಸರನ್ನೇ ಕೇಳಿರಲಿಕ್ಕಿಲ್ಲ. ಹಿಮೋಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಮಗುವಾದರೆ: ಕೊಡಬೇಕಾದದ್ದು ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅಥವಾ 9, ಎಷ್ಟು ಯುನಿಟ್, ಸ್ನಾಯುವಿಗೆ ಇಂಜೆಕ್ಷನ್ ಬೇಡ, ಆಸ್ಪಿರಿನ್ ಬೇಡ. ಡುಶೆನ್ ಸ್ನಾಯುಕ್ಷಯವಾದರೆ (ಸ್ನಾಯುಗಳು ಕ್ರಮೇಣ ಬಲ ಕಳೆದುಕೊಳ್ಳುವ ವಂಶವಾಹಿ ಕಾಯಿಲೆ): ಅರಿವಳಿಕೆಗೆ ಸಕ್ಸಿನೈಲ್‌ಕೋಲಿನ್ ಬೇಡ (ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು), ಡೆಫ್ಲಾಜಾಕಾರ್ಟ್ ಅಥವಾ ಬೇರೆ ಸ್ಟೀರಾಯ್ಡನ್ನು ದಿಢೀರನೆ ನಿಲ್ಲಿಸಬೇಡಿ. ಮಾತಾಡದ ಆಟಿಸಂ ಮಗುವಾದರೆ: ನೋವನ್ನು ಹೇಗೆ ತೋರಿಸುತ್ತಾನೆ, ಯಾವ ಸದ್ದಿಗೆ ಬೆದರುತ್ತಾನೆ, ರಕ್ತ ತೆಗೆಯುವಾಗ ಯಾರು ಹಿಡಿದರೆ ಸುಮ್ಮನಿರುತ್ತಾನೆ.

ಯುಡಿಐಡಿ ಕಾರ್ಡು

ಯುಡಿಐಡಿ ಎಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಗಳಿವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ ಮಾತ್ರವಲ್ಲ. ಸ್ನಾಯುಕ್ಷಯ, ಥಲಸ್ಸೇಮಿಯಾ (ಪದೇ ಪದೇ ರಕ್ತ ಹಾಕಿಸಬೇಕಾದ ಕಾಯಿಲೆ), ಹಿಮೋಫಿಲಿಯಾ, ಸಿಕಲ್ ಸೆಲ್, ಮಲ್ಟಿಪಲ್ ಸ್ಕ್ಲೀರೋಸಿಸ್ ಕೂಡ ಅದರಲ್ಲಿವೆ. ರಕ್ತದ ಕಾಯಿಲೆಯ ಮನೆಯವರಲ್ಲಿ ಹಲವರಿಗೆ ಇದು ಗೊತ್ತೇ ಇರುವುದಿಲ್ಲ, "ಅವನೇನು ಅಂಗವಿಕಲನಲ್ಲ" ಎಂದು ಬಿಟ್ಟಿರುತ್ತಾರೆ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚು ಎಂಬ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೂ ಕಾರ್ಡಿಗೂ ಅರ್ಜಿ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. 2024ರ ತಿದ್ದುಪಡಿಯ ಪ್ರಕಾರ ಶೇ. 40ಕ್ಕಿಂತ ಕಡಿಮೆಗೆ ಬಿಳಿ ಕಾರ್ಡು, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಖಾಸಗಿ ಕ್ಲಿನಿಕ್ಕಿನ ವರದಿ ಪೂರಕ ದಾಖಲೆ ಮಾತ್ರ. ಪ್ರಮಾಣೀಕರಿಸುವುದು ಸರ್ಕಾರ ಗೊತ್ತುಮಾಡಿದ ವೈದ್ಯಕೀಯ ಪ್ರಾಧಿಕಾರ.

ಆಟಿಸಂ ಅಳೆಯುವುದು ಐಎಸ್‌ಎಎ ಎಂಬ ಭಾರತೀಯ ಮಾಪಕದಲ್ಲಿ. 40 ಅಂಶಗಳು, ಪ್ರತಿಯೊಂದಕ್ಕೂ 1ರಿಂದ 5 ಅಂಕ, ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಪರಿಗಣನೆ. ಇಲ್ಲಿ ತಂದೆತಾಯಿಯರು ತಾವೇ ಎಡವುತ್ತಾರೆ. ಮಗುವಿನ ಬಗ್ಗೆ ಕೆಟ್ಟದಾಗಿ ಹೇಳಲು ಬಾಯಿ ಬಾರದೆ "ಮನೆಯಲ್ಲಿ ಎಲ್ಲ ಮಾಡ್ತಾನೆ ಸಾರ್, ಊಟ ತಾನೇ ಮಾಡ್ತಾನೆ" ಎನ್ನುತ್ತಾರೆ. ಕಲಸಿಕೊಟ್ಟರೆ ಮಾತ್ರ, ಟಿವಿ ಹಾಕಿದರೆ ಮಾತ್ರ ಎನ್ನುವುದನ್ನು ಬಿಡುತ್ತಾರೆ. ಒಂದು ವಾರ ಮೊದಲೇ ಸ್ನಾನ, ಊಟ, ಶೌಚ, ನಿದ್ದೆ, ಹಠ, ತನಗೆ ತಾನೇ ಹೊಡೆದುಕೊಳ್ಳುವುದು, ರಸ್ತೆಗೆ ಓಡುವುದು ಇವನ್ನು ಬರೆದಿಟ್ಟುಕೊಳ್ಳಿ. ಎರಡು ನಿಮಿಷದ ಮೂರ್ನಾಲ್ಕು ವೀಡಿಯೋ ತೆಗೆದಿಡಿ, ಏಕೆಂದರೆ ಆ ದಿನ ಮಗು ಡಾಕ್ಟರ ಕೋಣೆಯಲ್ಲಿ ಮಲಗಿಯೇ ಬಿಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿಕೊಡುತ್ತೀರಾ ಎಂದು ಕೇಳಿ. ಚಿಕ್ಕ ಮಕ್ಕಳಿಗೆ ಕೊಡುವುದು ಸಾಮಾನ್ಯವಾಗಿ ತಾತ್ಕಾಲಿಕ ಪತ್ರ. ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಮೂರು ತಿಂಗಳು ಮುಂಚೆಯೇ ಅರ್ಜಿ ಹಾಕಿ.

ಹಳ್ಳಿಯಲ್ಲಿದ್ದರೆ ಇದಕ್ಕೆಲ್ಲ ಮೊದಲು ಹುಡುಕಬೇಕಾದವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಜನ ವಿಆರ್‌ಡಬ್ಲ್ಯು ಎನ್ನುವವರು. ತಾಲ್ಲೂಕು ಮಟ್ಟದಲ್ಲಿ ಎಂಆರ್‌ಡಬ್ಲ್ಯು, ಪಟ್ಟಣದಲ್ಲಿ ಯುಆರ್‌ಡಬ್ಲ್ಯು. ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ಪ್ರಮಾಣಪತ್ರ ಕೊಡುವ ವೈದ್ಯಕೀಯ ಬೋರ್ಡು ಯಾವ ದಿನ ಕೂರುತ್ತದೆ, ಶಿಬಿರ ಎಲ್ಲಿ, ಪಿಂಚಣಿಗೆ ಯಾವ ಕಾಗದ ಕಡಿಮೆಯಿದೆ ಎಂಬುದು ಅವರಿಗೆ ಕಚೇರಿಯವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಯಾರ ಹತ್ತಿರ ಏನು ಸಿಗುತ್ತದೆ

ಆಟಿಸಂಗೆ ಬೇಕಾದದ್ದು ಒಂದು ದೊಡ್ಡ ಮೊತ್ತವಲ್ಲ, ವರ್ಷಗಟ್ಟಲೆ ಬೇಕಾಗುವ ಥೆರಪಿ. ಬೆಂಗಳೂರಿನಲ್ಲಿ 1980ರಿಂದ ಇರುವ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಚಿಕ್ಕ ಮಕ್ಕಳ ಆರಂಭಿಕ ತರಬೇತಿಗೆ ಕಾಮ್ ಡೀಲ್ ಟ್ರಸ್ಟ್, ಆಟಿಸಂಗೇ ಮೀಸಲಾದ ಆಶಾ ಮತ್ತು ಬಬಲ್ಸ್ ಕೇಂದ್ರಗಳಿವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಸರ್ಕಾರದ್ದು. ಮಾತಿನ ತೊಂದರೆಗೆ ರಾಜ್ಯದ ಎಲ್ಲ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ದೂರದ ಊರಿನವರು ಕೇಳಬೇಕಾದದ್ದು "ವಾರಕ್ಕೆಷ್ಟು ತರಗತಿ?" ಎಂದಲ್ಲ, "ನಮಗೆ ಕಲಿಸಿಕೊಡುತ್ತೀರಾ?" ಎಂದು. ವಾರಕ್ಕೆ ಎರಡು ಸಲ 45 ನಿಮಿಷ ಥೆರಪಿಗೆ ಬಸ್ಸಿನಲ್ಲಿ ದಿನವಿಡೀ ಕಳೆಯುವುದಕ್ಕಿಂತ ಕೆಲವು ವಾರ ಅಲ್ಲೇ ಉಳಿದು ತಾಯಿ, ಅಜ್ಜಿ, ಅಣ್ಣ ಕಲಿತು ಬಂದರೆ ದಿನಕ್ಕೆ ನಾಲ್ಕು ಗಂಟೆ ಮನೆಯಲ್ಲೇ ಕೆಲಸ ನಡೆಯುತ್ತದೆ. ಮೂರು ತಿಂಗಳ ಗುರಿಗಳನ್ನು ಬರೆದು ಕೊಡದ ಕೇಂದ್ರಕ್ಕೆ ಮತ್ತೆ ಫೀಸು ಕಟ್ಟುವ ಮುಂಚೆ ಯೋಚಿಸಿ. ಜಿಲ್ಲಾಸ್ಪತ್ರೆಗಳಲ್ಲಿ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಕಾರ್ಯಕ್ರಮದಡಿ ಇರುವ ಆರಂಭಿಕ ಪತ್ತೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಹೋಗದೆ ನೇರ ಬೆಂಗಳೂರಿಗೆ ಹತ್ತಬೇಡಿ.

ಥಲಸ್ಸೇಮಿಯಾಗೆ ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಇದೆ. ರಕ್ತ, ಕಬ್ಬಿಣಾಂಶ ಇಳಿಸುವ ಔಷಧ, ಅಸ್ಥಿಮಜ್ಜೆ ಕಸಿ ಎಲ್ಲದರಲ್ಲೂ ಅದರ ಕೆಲಸವಿದೆ. ಹೊಂದಾಣಿಕೆಯಾಗುವ ಒಡಹುಟ್ಟಿದವರಿದ್ದರೆ ಕೋಲ್ ಇಂಡಿಯಾದ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ ಕಸಿಗೆ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಆಯ್ದ ಆಸ್ಪತ್ರೆಗಳಲ್ಲಿ ಮಾತ್ರ. ಹಾಗಾಗಿ ಕಸಿಗೆ ಹೊಂದಾಣಿಕೆ ನೋಡುವ ಎಚ್‌ಎಲ್‌ಎ ಪರೀಕ್ಷೆಯನ್ನು ಮಗು ಚಿಕ್ಕದಿರುವಾಗಲೇ ಮಾಡಿಸಿ. ಪದೇ ಪದೇ ರಕ್ತ ಹಾಕಿಸಿ ಯಕೃತ್ತಿನಲ್ಲಿ ಕಬ್ಬಿಣ ತುಂಬಿದ ಮೇಲೆ ಕಸಿಯ ಅಪಾಯ ಹೆಚ್ಚು. ಹಿಮೋಫಿಲಿಯಾಗೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ. ಡುಶೆನ್ ಸ್ನಾಯುಕ್ಷಯದ ಮನೆಯವರು ಕಟ್ಟಿಕೊಂಡ ಡಾರ್ಟ್ ಎಂಬ ಟ್ರಸ್ಟ್ ಬೆಂಗಳೂರಿನಲ್ಲಿದೆ. ಗೋಷೆ, ಪಾಂಪೆಯಂಥ ಕಿಣ್ವ ಕೊರತೆಯ ಕಾಯಿಲೆಗಳಿಗೆ ದೇಶಮಟ್ಟದ ಎಲ್‌ಎಸ್‌ಡಿಎಸ್‌ಎಸ್ ಎಂಬ ಸಂಘ, ಬೇರೆ ಯಾವ ಗುಂಪಿಗೂ ಸೇರದ ಅಪರೂಪದ ಕಾಯಿಲೆಗಳಿಗೆ ಬೆಂಗಳೂರಿನ ಒಆರ್‌ಡಿಐ ಎಂಬ ಸಂಸ್ಥೆ.

ಅಪರೂಪದ ಕಾಯಿಲೆಯ ದುಬಾರಿ ಔಷಧವನ್ನು ಯಾವ ಟ್ರಸ್ಟೂ ಒಂಟಿಯಾಗಿ ಹೊರಲಾರದು. 2021ರ ರಾಷ್ಟ್ರೀಯ ನೀತಿಯಡಿ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಅದು ಮನೆಯವರ ಕೈಗೆ ಬರುವುದಿಲ್ಲ, ಗೊತ್ತುಮಾಡಿದ ಕೇಂದ್ರದ ಮೂಲಕ ಖರ್ಚಾಗುತ್ತದೆ. ಕರ್ನಾಟಕದಲ್ಲಿ ಆ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಜೋಡಿ. ಕಿಣ್ವದ ಔಷಧವನ್ನು ತೂಕದ ಲೆಕ್ಕದಲ್ಲಿ ಕೊಡುವುದರಿಂದ ಮಗು ಬೆಳೆದಂತೆ ಖರ್ಚೂ ಬೆಳೆಯುತ್ತದೆ. ಔಷಧ ಜೀವನಪರ್ಯಂತ ಬೇಕು, ಮಂಜೂರಾದ ಮೊತ್ತ ಮಾತ್ರ ಒಂದು ಸಲದ್ದು. ಅರ್ಧ ಮೊತ್ತ ಖರ್ಚಾಗುವ ಹೊತ್ತಿಗೇ ಔಷಧ ಕಂಪನಿಯ ನೆರವು ಯೋಜನೆಗೆ ನಿಮ್ಮ ವೈದ್ಯರಿಂದ ಅರ್ಜಿ ಹಾಕಿಸಿ. ಪೂರ್ತಿ ಮುಗಿದ ಮೇಲೆ ಓಡಾಡಿದರೆ ಮಧ್ಯೆ ಡೋಸು ತಪ್ಪುತ್ತದೆ.

ಅದೇ ಕಾಯಿಲೆ ಮುಂದಿನ ಮಗುವಿಗೂ ಬರಬಹುದೇ ಎಂಬ ಪ್ರಶ್ನೆಗೆ ಜೆನೆಟಿಕ್ ಕೌನ್ಸೆಲಿಂಗ್ ಅನ್ನು ಗರ್ಭ ನಿಲ್ಲುವ ಮೊದಲೇ ಮಾಡಿಸಿ. ಗರ್ಭದೊಳಗಿನ ಪರೀಕ್ಷೆಗೆ 11ರಿಂದ 14ನೇ ವಾರ ಅಥವಾ 16ನೇ ವಾರದ ನಂತರ ಎಂಬ ಸಮಯದ ಕಟ್ಟುಪಾಡಿದೆ. ಮೊದಲ ಮಗುವಿನ ಜೀನ್ ವರದಿ ಕೈಯಲ್ಲಿಲ್ಲದೆ ಹೋದರೆ ಲ್ಯಾಬಿನವರು ಯಾವುದನ್ನು ಹುಡುಕಬೇಕೆಂದೇ ತಿಳಿಯದೆ ವಾರಗಳು ಉರುಳಿಬಿಡುತ್ತವೆ.

ಕೇಳುವ ಹಾಳೆ

ಒಂದೇ ಪುಟ. ಹೀಗೆ ಬರೆಯಬಹುದು:

"ಮಗಳಿಗೆ 9 ವರ್ಷ, ತೂಕ 25 ಕೆ.ಜಿ., ಥಲಸ್ಸೇಮಿಯಾ ಮೇಜರ್. ಮೂರು ವಾರಕ್ಕೊಮ್ಮೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ ರಕ್ತ. ಡೆಫೆರಾಸಿರಾಕ್ಸ್ (ಕಬ್ಬಿಣಾಂಶ ಇಳಿಸುವ ಔಷಧ) ದಿನಕ್ಕೆ 750 ಮಿ.ಗ್ರಾಂ. ಆಸ್ಪತ್ರೆಯಲ್ಲಿ ಈ ಔಷಧ ಎರಡು ತಿಂಗಳಿಂದ ಇಲ್ಲ, ಫಾರ್ಮಸಿಯ 'ದಾಸ್ತಾನು ಇಲ್ಲ' ಚೀಟಿ ಲಗತ್ತಿಸಿದೆ. ಫೆರಿಟಿನ್ (ದೇಹದ ಕಬ್ಬಿಣಾಂಶ ತೋರಿಸುವ ರಕ್ತಪರೀಕ್ಷೆ) ವರದಿ ಲಗತ್ತಿಸಿದೆ. ಬೇಕಿರುವುದು 90 ದಿನದ ಔಷಧ, ಅಂಗಡಿಯ ಕೊಟೇಶನ್ ಲಗತ್ತಿಸಿದೆ. ತಿಂಗಳಿಗೆ 500 ರೂಪಾಯಿ ನಾವು ಕಟ್ಟಬಲ್ಲೆವು. ಹಣವನ್ನು ನೇರ ಅಂಗಡಿಗೇ ಕೊಡಬಹುದು."

ಇಲ್ಲಿ ಕೆಲಸ ಮಾಡುವುದು ಮೂರು ಸಾಲು: ಸರ್ಕಾರದಿಂದ ಏನು ಬರುತ್ತಿದೆ, ಏನು ಬರುತ್ತಿಲ್ಲ ಎಂಬುದಕ್ಕೆ ಪುರಾವೆ, ನಿಮ್ಮ ಪಾಲು ಎಷ್ಟು. ಫಾರ್ಮಸಿಯವರು ಚೀಟಿ ಬರೆದುಕೊಡಲು ಹಿಂಜರಿದರೆ ಔಷಧ ಚೀಟಿಯ ಮೇಲೇ "ಲಭ್ಯವಿಲ್ಲ" ಸೀಲು ಹಾಕಿಸಿ. ಕಣ್ಣೀರಿನ ಕಥೆ ಬೇಕಿಲ್ಲ. ಓದುವವರು ದಿನಕ್ಕೆ ಇಂಥ ಇಪ್ಪತ್ತು ಓದುತ್ತಾರೆ.

ಶಸ್ತ್ರಚಿಕಿತ್ಸೆಯಾದರೆ ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು, ರೋಗಿಯ ನೋಂದಣಿ ಸಂಖ್ಯೆ, ಆಸ್ಪತ್ರೆಯದೇ ಖಾತೆ ಸಂಖ್ಯೆ ಇರುವ ಎಸ್ಟಿಮೇಟ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆ ಚಿಕಿತ್ಸೆ ಅದರೊಳಗೆ ಬರುತ್ತದೋ ಇಲ್ಲವೋ ಎಂದು ಬರೆಸಿಕೊಂಡೇ ಹೋಗಿ. ಈ ಒಂದು ಸಾಲಿಲ್ಲದ ಅರ್ಜಿಯನ್ನು ಬಹಳ ಟ್ರಸ್ಟುಗಳು ಮೊದಲ ದಿನವೇ ವಾಪಸ್ ಕಳಿಸುತ್ತವೆ.

ಗಾಲಿಕುರ್ಚಿ ಕೇಳುವಾಗ ಅಳತೆ ಬರೆಯಿರಿ. ಕೂತಾಗ ಸೊಂಟದ ಅಗಲಕ್ಕೆ ಎರಡೂ ಬದಿ ಸೇರಿ 2.5ರಿಂದ 5 ಸೆಂ.ಮೀ. ಕೂಡಿಸಿದರೆ ಸೀಟಿನ ಅಗಲ. ಪೃಷ್ಠದ ಹಿಂಭಾಗದಿಂದ ಮೊಣಕಾಲಿನ ಹಿಂಬದಿಯವರೆಗಿನ ಉದ್ದದಲ್ಲಿ ಸುಮಾರು 5 ಸೆಂ.ಮೀ. ಕಳೆದರೆ ಸೀಟಿನ ಆಳ. "ಬೆಳೆಯೋ ಮಗು, ದೊಡ್ಡದೇ ಇರಲಿ" ಎಂದು ಅಗಲದ ಕುರ್ಚಿ ತಂದರೆ ಸ್ನಾಯುಬಲವಿಲ್ಲದ ಮಗು ಒಂದೇ ಕಡೆ ವಾಲಿ ಬೆನ್ನುಮೂಳೆ ಬಾಗುವುದು ಬೇಗ ಶುರುವಾಗುತ್ತದೆ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ತಿಂಗಳ ಆದಾಯ 22,500 ರೂಪಾಯಿವರೆಗಿದ್ದರೆ ಸಾಧನ ಪೂರ್ತಿ ಉಚಿತ. ಒಮ್ಮೆ ಪಡೆದರೆ ಅದೇ ಸಾಧನ ಮತ್ತೆ ಸಿಗಲು ಮೂರು ವರ್ಷ, 12ಕ್ಕಿಂತ ಚಿಕ್ಕವರಿಗೆ ಒಂದು ವರ್ಷ ಕಾಯಬೇಕು. ಆದ್ದರಿಂದ ಶಿಬಿರದಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಬರಬೇಡಿ.

ನಿರಾಮಯ

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವಿಕಲತೆ, ಬಹು ಅಂಗವಿಕಲತೆ ಈ ನಾಲ್ಕಕ್ಕೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ಆರೋಗ್ಯ ವಿಮೆ ಇದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಸೇರುವಾಗ ವೈದ್ಯಕೀಯ ಪರೀಕ್ಷೆಯಿಲ್ಲ. ಬೇರೆ ವಿಮೆಗಳು ಮುಟ್ಟದ ಹೊರರೋಗಿ ಖರ್ಚು ಮತ್ತು ಥೆರಪಿಯೂ ಇದರಲ್ಲಿ ಬರುತ್ತದೆ, ಆದರೆ ಒಂದೊಂದಕ್ಕೂ ಬೇರೆ ಬೇರೆ ಒಳಮಿತಿ. ಡೌನ್ ಸಿಂಡ್ರೋಮ್ ಮಗು ಬೌದ್ಧಿಕ ಅಂಗವಿಕಲತೆಯ ಪ್ರಮಾಣಪತ್ರದ ಮೇಲೆ ಸೇರಬಹುದು. ಥಲಸ್ಸೇಮಿಯಾ ಒಂದೇ ಇದ್ದರೆ ಆಗದು. ನ್ಯಾಷನಲ್ ಟ್ರಸ್ಟ್‌ನಲ್ಲಿ ನೋಂದಾಯಿತವಾದ ಸೇವಾಸಂಸ್ಥೆಯ ಮೂಲಕ ಅರ್ಜಿ ಹಾಕುವುದು ಸುಲಭ. ಅವಧಿ ಏಪ್ರಿಲ್ 1ರಿಂದ ಮಾರ್ಚ್ 31. ನವೀಕರಣವನ್ನು ಮಾರ್ಚ್‌ಗೆ ಬಿಡಬೇಡಿ.

ದುಡ್ಡು ಮೊದಲು ನೀವು ಕಟ್ಟಿ ಆಮೇಲೆ ಕ್ಲೇಮು ಹಾಕುವ ಪದ್ಧತಿ, ಆದ್ದರಿಂದ ಬಿಲ್ಲೇ ಎಲ್ಲ. ಬಿಲ್ಲಿನಲ್ಲಿ ಮಗುವಿನ ಪೂರ್ತಿ ಹೆಸರು, ತಾರೀಕು, ಬಿಲ್ ಸಂಖ್ಯೆ, ಸೀಲು, ಥೆರಪಿಯಾದರೆ ಎಷ್ಟು ಸೆಷನ್ ಮತ್ತು ಒಂದಕ್ಕೆಷ್ಟು, ಥೆರಪಿಸ್ಟರ ನೋಂದಣಿ ಸಂಖ್ಯೆ ಇರಬೇಕು. "ಥೆರಪಿ ಫೀಸು 6,000" ಎಂದು ಮಾತ್ರ ಬರೆದ ರಶೀದಿಯ ಕ್ಲೇಮು ತಿರಸ್ಕೃತವಾದರೆ ಆಶ್ಚರ್ಯವಿಲ್ಲ. ಥೆರಪಿ ಬೇಕೆಂದು ವೈದ್ಯರು ಬರೆದ ಚೀಟಿಯ ತಾರೀಕು ಮೊದಲ ಬಿಲ್ಲಿಗಿಂತ ಹಿಂದಿನದಾಗಿರಲಿ. ಮಗುವಿನ ಹೆಸರಿನಲ್ಲಿ ತಂದೆ ಅಥವಾ ತಾಯಿಯ ಜೊತೆ ಖಾತೆ ತೆರೆಯಿರಿ. ವರ್ಷಗಟ್ಟಲೆ ಬಳಸದ ಖಾತೆ ಕೊಟ್ಟರೆ ಮಂಜೂರಾದ ಹಣ ಹಿಂದಿರುಗುತ್ತದೆ.

ಸಂಸ್ಥೆಯನ್ನು ನೀವೂ ಪರೀಕ್ಷಿಸಿ

ನೋಂದಣಿ ಸಂಖ್ಯೆ ಕೇಳಿ, ಸೇವಾಸಂಸ್ಥೆಗಳ ಪಟ್ಟಿಯಿರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಹುಡುಕಿ. ಅಂಗವಿಕಲರಿಗಾಗಿ ಸಂಸ್ಥೆ ನಡೆಸಲು 2016ರ ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು, ಅದು ಗೋಡೆಯ ಮೇಲಿದೆಯೇ ನೋಡಿ. ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಸಂಖ್ಯೆ ಇರುತ್ತದೆ. ಥೆರಪಿ ಕೋಣೆಯ ಬಾಗಿಲು ಹಾಕಿ ತಂದೆತಾಯಿಯರನ್ನು ಒಳಗೆ ಬಿಡದ ಜಾಗಕ್ಕೆ, ವಿಶೇಷವಾಗಿ ಮಾತು ಬಾರದ ಮಗುವನ್ನು, ಕಳಿಸಬೇಡಿ. ವಸತಿ ಕೇಂದ್ರವಾದರೆ ಊಟದ ಹೊತ್ತಿಗೆ ಹೇಳದೆ ಹೋಗಿ, ಶೌಚಾಲಯ ನೋಡಿ, ಮಕ್ಕಳ ಉಗುರು ನೋಡಿ.

"ಆಟಿಸಂ ಗುಣಪಡಿಸುತ್ತೇವೆ" ಎಂದರೆ ಅಲ್ಲಿಂದಲೇ ಎದ್ದು ಬನ್ನಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಸಲ್ಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಆದರೂ ಅದಕ್ಕಾಗಿ ಜಮೀನು ಮಾರಿದವರು, ದೇಣಿಗೆ ಎತ್ತಿದವರು ಇದ್ದಾರೆ. ಕೀಲೇಶನ್ (ದೇಹದಿಂದ ಲೋಹದ ಅಂಶ ಹೊರಹಾಕಿಸುವ ಚಿಕಿತ್ಸೆ) ವಿಷಯದಲ್ಲೂ ಎಚ್ಚರ ಬೇಕು: ಥಲಸ್ಸೇಮಿಯಾಗೆ ಅದು ಜೀವ ಉಳಿಸುವ ಔಷಧ, ಆಟಿಸಂ ಮಗುವಿಗೆ ಅಪಾಯ.

ಇಂಟರ್‌ನೆಟ್ಟಿನಲ್ಲಿ ದೇಣಿಗೆ ಎತ್ತುವುದು ಕೊನೆಯ ದಾರಿಯಾಗಿರಲಿ. ಹಣ ಆಸ್ಪತ್ರೆಯ ಖಾತೆಗೇ ಹೋಗುವಂತೆ ಮಾಡಿ, ವೇದಿಕೆ ಎಷ್ಟು ಶೇಕಡ ಹಿಡಿಯುತ್ತದೆ ಎಂದು ಒಪ್ಪಂದಕ್ಕೆ ಮೊದಲು ಬರೆಸಿಕೊಳ್ಳಿ, ಹಣ ಹೆಚ್ಚು ಬಂದರೆ ಏನಾಗುತ್ತದೆ ಎಂದೂ ಕೇಳಿ. ಮಗು ಬೆತ್ತಲೆಯಾಗಿರುವ, ಅಳುತ್ತಿರುವ, ಪೈಪುಗಳ ನಡುವೆ ಮಲಗಿರುವ ಚಿತ್ರ ಕೊಡಬೇಡಿ. ಒಮ್ಮೆ ಹರಿದಾಡಿದ ಚಿತ್ರ ಅವನು ಕಾಲೇಜಿಗೆ ಹೋದಾಗಲೂ ಸಿಗುತ್ತದೆ. ಫೋಟೋಗೆ ಒಪ್ಪದಿದ್ದರೆ ನೆರವಿಲ್ಲ ಎನ್ನುವ ಸಂಸ್ಥೆಯನ್ನು ಬಿಟ್ಟುಬಿಡಿ.

ಹತ್ತಿರದಲ್ಲಿ ಯಾವ ಸಂಸ್ಥೆಯೂ ಇಲ್ಲದಿದ್ದರೆ ತಾಲ್ಲೂಕಿನ ಏಳು ಮನೆಯವರು ಸೇರಿ ನೋಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘ ಕಟ್ಟಲು ಏಳು ಜನ ಸಾಕು. ನೋಂದಣಿಗೆ ಮೊದಲು ಆರು ತಿಂಗಳು ಸುಮ್ಮನೆ ತಿಂಗಳಿಗೊಮ್ಮೆ ಸೇರುವುದು ಒಳ್ಳೆಯದು. ಲೆಕ್ಕಪತ್ರ, ವಾರ್ಷಿಕ ಸಭೆ, ಆಡಿಟ್ ಹೊರುವ ಜನ ಯಾರೆಂದು ಅಷ್ಟರಲ್ಲಿ ತಾನೇ ಗೊತ್ತಾಗುತ್ತದೆ.

18 ತುಂಬುವ ಮೊದಲು

ಹದಿನೆಂಟರ ಮಾರನೇ ದಿನದಿಂದ ತಂದೆತಾಯಿ ಕಾನೂನಿನ ಪ್ರಕಾರ ಪೋಷಕರಲ್ಲ. ಬ್ಯಾಂಕಿನಲ್ಲೂ ಉಪನೋಂದಣಾಧಿಕಾರಿ ಕಚೇರಿಯಲ್ಲೂ ಸಹಿ ನಡೆಯುವುದಿಲ್ಲ. ನಿರಾಮಯಕ್ಕೆ ಹೇಳಿದ ಅದೇ ನಾಲ್ಕು ಬಗೆಯವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಕಾನೂನು ಪೋಷಕರನ್ನು ನೇಮಿಸುತ್ತದೆ, ಕೋರ್ಟಿಗೆ ಹೋಗಬೇಕಿಲ್ಲ. ಬುದ್ಧಿ ಚುರುಕಿರುವ ಡುಶೆನ್ ಅಥವಾ ಹಿಮೋಫಿಲಿಯಾ ಹುಡುಗನಿಗೆ ಇದು ಬೇಡ, ಅವನ ಸಹಿ ಅವನದೇ. ಅರ್ಜಿಗೆ ಯುಡಿಐಡಿ, ವಯಸ್ಸಿನ ದಾಖಲೆ, ಪೋಷಕರಾಗುವವರ ಒಪ್ಪಿಗೆ ಪತ್ರ ಬೇಕು. ಒಡಹುಟ್ಟಿದವರಿದ್ದರೆ ಅವರ ಒಪ್ಪಿಗೆಯನ್ನೂ ಬರೆಸಿಡಿ, ಆಸ್ತಿಯ ತಕರಾರು ಎದ್ದಾಗ ಬೇಕಾಗುತ್ತದೆ. ನೇಮಕವಾದ ಆರು ತಿಂಗಳೊಳಗೆ ಮಗುವಿನ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿಯನ್ನು, ಮತ್ತು ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನು ಸಮಿತಿಗೆ ಸಲ್ಲಿಸಬೇಕು.